ಬೆಕ್ಕಿನ ಹಕ್ಕು, ಮನುಷ್ಯನ ನೆಮ್ಮದಿ

ಮನಸ್ಸು ದಣಿದವರಿಗೆ ಬೆಕ್ಕು ಸಾಕಲು ಸಲಹೆ ನೀಡುವುದು ಇಂದು ಹೊಸ ವಿಷಯವಲ್ಲ. ಒಂಟಿತನದಲ್ಲಿ ದಿನ ನೂಕುವ ವೃದ್ಧರು, ಪರೀಕ್ಷೆಯ ಒತ್ತಡದಲ್ಲಿ ನಿದ್ದೆಗೆಟ್ಟ ವಿದ್ಯಾರ್ಥಿಗಳು, ಆಘಾತದಿಂದ ಮಾತು ಕಡಿಮೆ ಮಾಡಿದ ಮಕ್ಕಳು, ಹೀಗೆ ಹಲವರಿಗೆ ಬೆಕ್ಕಿನ ಸಹವಾಸ ನೆಮ್ಮದಿ ತರುತ್ತದೆಂಬುದು ಅನುಭವದ ಮಾತು. ಅನೇಕ ದೇಶಗಳ ಆಸ್ಪತ್ರೆಗಳಿಗೂ ವೃದ್ಧಾಶ್ರಮಗಳಿಗೂ ಪಳಗಿದ ಬೆಕ್ಕುಗಳನ್ನು ಕರೆದೊಯ್ಯುವ ಪದ್ಧತಿ ಬೆಳೆದಿದೆ. ಹೀಗೆ ಬಳಸುವ ಪ್ರಾಣಿಗಳಿಗೆ 'ಚಿಕಿತ್ಸಾ ಪ್ರಾಣಿ' ಎಂಬ ಹೆಸರೂ ಬಂದಿದೆ.

ಬೆಕ್ಕನ್ನು ಮನೆಯೊಳಗೆ, ಮಸೀದಿಯ ಅಂಗಳದೊಳಗೆ, ಕೊನೆಗೆ ವಕ್ಫ್ ಪತ್ರದೊಳಗೂ ಬರಮಾಡಿಕೊಂಡ ಸಮುದಾಯ ನಮ್ಮದು. ಆದ್ದರಿಂದ ಈ ವಿಷಯದಲ್ಲಿ ನಮ್ಮ ಇತಿಹಾಸ ಏನು ಹೇಳುತ್ತದೆಂದು ನೋಡುವುದು ಉಚಿತ. ಹಾಗೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೆಕ್ಕಿನಿಂದ ನಮಗೇನು ಲಾಭ ಎಂಬುದು ಇಂದಿನ ಜಗತ್ತು ಮೊದಲು ಕೇಳುವ ಪ್ರಶ್ನೆ. ಬೆಕ್ಕಿಗೆ ನಮ್ಮ ಮೇಲೆ ಯಾವ ಹಕ್ಕಿದೆ ಎಂಬುದು ನಮ್ಮ ಪೂರ್ವಿಕರು ಮೊದಲು ಕೇಳಿದ ಪ್ರಶ್ನೆ. ನೆಮ್ಮದಿ ಅವರಿಗೂ ದೊರೆತಿತ್ತು. ಆದರೆ ಅದು ಹಕ್ಕನ್ನು ಸಲ್ಲಿಸಿದವರ ಬಾಗಿಲಿಗೆ ತಾನಾಗಿಯೇ ಬಂದಿತ್ತು.

ಕುರಿಗಾಹಿಯ ಸಂಗಾತಿ

ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿ ಅಬೂ ಹುರೈರಾ(ರ). ಅವರ ಮೂಲಕ ಬಂದಿರುವ ವರದಿಗಳ ಸಂಖ್ಯೆ 5,374 ಎಂದು ವಿದ್ವಾಂಸರು ಎಣಿಸಿದ್ದಾರೆ. ಯಮನ್‌ನ ದೌಸ್ ಗೋತ್ರದವರಾದ ಅವರು ಹಿಜರಿ 7ರಲ್ಲಿ ಖೈಬರ್ ಘಟನೆಯ ವೇಳೆಗೆ ಮದೀನಕ್ಕೆ ಬಂದರು. ಅವರ ಸ್ವಂತ ಹೆಸರು ಅಬ್ದುರ್ರಹ್ಮಾನ್ ಎಂಬುದು ಪ್ರಸಿದ್ಧ ಅಭಿಪ್ರಾಯ. ಆದರೆ ಲೋಕಕ್ಕೆ ಉಳಿದದ್ದು 'ಬೆಕ್ಕಿನ ಮರಿಯ ತಂದೆ' ಎಂಬರ್ಥದ ಅಡ್ಡ ಹೆಸರು.

ಆ ಹೆಸರು ಬಂದ ಬಗೆಯನ್ನು ಅವರೇ ವಿವರಿಸಿದ್ದು ಇಮಾಮ್ ತಿರ್ಮಿದಿಯವರ ಸಂಗ್ರಹದಲ್ಲಿದೆ. ಅವರು ತಮ್ಮ ಮನೆಯವರ ಕುರಿಗಳನ್ನು ಮೇಯಿಸುತ್ತಿದ್ದರು. ಅವರ ಬಳಿ ಒಂದು ಪುಟ್ಟ ಬೆಕ್ಕಿತ್ತು. ರಾತ್ರಿ ಅದನ್ನು ಮರದ ಮೇಲೆ ಇರಿಸುತ್ತಿದ್ದರು. ಬೆಳಗಾದರೆ ಜೊತೆಗೆ ಕರೆದುಕೊಂಡು ಹೋಗಿ ಅದರೊಂದಿಗೆ ಆಡುತ್ತಿದ್ದರು. ಹೀಗಾಗಿ ಜನರು ಅವರನ್ನು ಅಬೂ ಹುರೈರಾ ಎಂದು ಕರೆದರು.

ದಿನವಿಡೀ ಬಯಲಿನಲ್ಲಿ ಕುರಿಗಳ ಹಿಂದೆ ಅಲೆಯುವವನಿಗೆ ಒಂದು ಮರಿಯ ಸಂಗ ಎಷ್ಟು ದೊಡ್ಡ ಆಸರೆಯೆಂದು ಊಹಿಸುವುದು ಕಷ್ಟವಲ್ಲ. ಆದರೆ ಈ ಸರಳ ಮಾತಿನಲ್ಲಿ ಅಡಗಿರುವ ಇನ್ನೊಂದು ಅಂಶವನ್ನೂ ಗಮನಿಸಬೇಕು. ಆಟ ಹಗಲಿನದು, ರಾತ್ರಿಯಾದಾಗ ಆ ಮರಿಗೊಂದು ನೆಲೆ ಬೇಕೆಂಬ ಎಚ್ಚರವೂ ಅವರಲ್ಲಿತ್ತು. ಅದನ್ನು ಎಲ್ಲಿ ಇರಿಸಬೇಕೆಂಬುದನ್ನು ಅವರು ಮರೆಯಲಿಲ್ಲ. ಆಟವೂ ಆರೈಕೆಯೂ ಒಂದೇ ಉಸಿರಿನಲ್ಲಿ ಹೇಳಲ್ಪಟ್ಟಿವೆ.

ಮನೆಯೊಳಗೆ ಸುಳಿದಾಡುವವರು

ಬೆಕ್ಕಿಗೆ ಮುಸ್ಲಿಮ್ ಮನೆಯಲ್ಲಿ ಸ್ಥಾನ ನೀಡಿದ ಹದೀಸ್ ಒಂದು ಚಿಕ್ಕ ಮನೆವಾರ್ತೆಯ ಘಟನೆಯಿಂದ ಬಂದಿದೆ. ಕಅ್‌ಬ್ ಇಬ್ನ್ ಮಾಲಿಕ್‌ರ ಮಗಳು ಕಬ್ಶಾ, ಅಬೂ ಕತಾದ(ರ) ಅವರ ಸೊಸೆ. ಒಂದು ದಿನ ಮಾವನಿಗೆ ವುಝೂ ಮಾಡಲು ಆಕೆ ನೀರು ಸುರಿದಿಟ್ಟರು. ಅಷ್ಟರಲ್ಲಿ ಬೆಕ್ಕೊಂದು ಬಂದು ಆ ನೀರಿಗೆ ಬಾಯಿಟ್ಟಿತು. ಅಬೂ ಕತಾದ(ರ) ಅದನ್ನು ಓಡಿಸಲಿಲ್ಲ; ಸುಲಭವಾಗಿ ಕುಡಿಯಲೆಂದು ಪಾತ್ರೆಯನ್ನು ಅದರ ಕಡೆಗೆ ಬಾಗಿಸಿದರು. ಸೊಸೆ ತನ್ನನ್ನೇ ನೋಡುತ್ತಿರುವುದನ್ನು ಕಂಡು, ಇದರಲ್ಲಿ ಅಚ್ಚರಿಯೇನೆಂದು ಕೇಳಿದರು. ಬಳಿಕ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಸುಳಿದಾಡುವ ಜೀವಗಳಲ್ಲಿ ಒಂದು ಎಂದು ಪ್ರವಾದಿ(ಸ) ತಿಳಿಸಿದ್ದನ್ನು ಹೇಳಿದರು. ಅಬೂ ದಾವೂದ್, ತಿರ್ಮಿದಿ, ನಸಾಈ, ಇಬ್ನ್ ಮಾಜ ಮತ್ತು ಇಮಾಮ್ ಮಾಲಿಕ್‌ರ ಮುವತ್ತಾ ಈ ಘಟನೆಯನ್ನು ದಾಖಲಿಸಿವೆ.

ಇಲ್ಲಿ 'ಸುಳಿದಾಡುವವರು' ಎಂಬುದಕ್ಕೆ ಬಳಕೆಯಾದ ಅರಬಿ ಪದ 'ತವ್ವಾಫೀನ್'. ಕಅ್‌ಬಾದ ಸುತ್ತ ನಡೆಯುವ 'ತವಾಫ್' ಕೂಡ ಇದೇ ಧಾತುವಿನದು. ಪವಿತ್ರ ಕುರ್‌ಆನ್‌ನ ಅನ್ನೂರ್ ಅಧ್ಯಾಯದ 58ನೇ ಸೂಕ್ತದಲ್ಲಿ ಮನೆಯ ಸೇವಕರು ಮತ್ತು ಪ್ರಾಯಕ್ಕೆ ಬಾರದ ಮಕ್ಕಳ ವಿಷಯ ಹೇಳುವಾಗಲೂ ಈ ಪದವೇ ಬಂದಿದೆ. ಮೂರು ಖಾಸಗಿ ವೇಳೆಗಳ ಹೊರತಾಗಿ ಅವರು ಅನುಮತಿ ಕೇಳದೆ ಒಳಬರಬಹುದು. ಏಕೆಂದರೆ ಅವರು ಮನೆಯೊಳಗೆ ಸುಳಿದಾಡುತ್ತಲೇ ಇರುವವರು. ಹದೀಸ್ ವ್ಯಾಖ್ಯಾನಕಾರರು ಈ ಹೋಲಿಕೆಯನ್ನು ಗುರುತಿಸಿದ್ದಾರೆ. ಮನೆಯ ಮಕ್ಕಳಿಗೆ ಬಳಸಿದ ಮಾತಿನಿಂದಲೇ ಬೆಕ್ಕನ್ನೂ ಗುರುತಿಸಿದ ಮೇಲೆ ಅದನ್ನು ಹೊರಗಿನದೆಂದು ಕಾಣಲು ಸಾಧ್ಯವೇ?

ಉಮ್ಮುಲ್ ಮುಅ್‌ಮಿನೀನ್ ಆಯಿಶಾ(ರ) ಅವರ ಮನೆಯ ಘಟನೆಯೊಂದು ಅಬೂ ದಾವೂದ್‌ನಲ್ಲಿದೆ. ಓರ್ವ ಸ್ತ್ರೀ ಅವರಿಗೆ ಹರೀಸ ಎಂಬ ಗೋಧಿ-ಮಾಂಸದ ತಿನಿಸನ್ನು ತಂದರು. ಆಯಿಶಾ(ರ) ಆಗ ನಮಾಝ್‌ನಲ್ಲಿದ್ದುದರಿಂದ ಇಟ್ಟು ಹೋಗುವಂತೆ ಸನ್ನೆ ಮಾಡಿದರು. ಬೆಕ್ಕು ಬಂದು ಅದರಲ್ಲಿ ಸ್ವಲ್ಪ ತಿಂದಿತು. ನಮಾಝ್ ಮುಗಿಸಿದ ಆಯಿಶಾ(ರ) ಬೆಕ್ಕು ಬಾಯಿಟ್ಟ ಕಡೆಯಿಂದಲೇ ತಿಂದರು.

ಬೆಕ್ಕು ಕುಡಿದುಳಿದ ನೀರಿನ ಕುರಿತು ಕರ್ಮಶಾಸ್ತ್ರದಲ್ಲಿ ಸೂಕ್ಷ್ಮ ವ್ಯತ್ಯಾಸಗಳಿವೆ. ನಮ್ಮ ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಅದು ಶುದ್ಧ; ಅದರಿಂದ ವುಝೂ ಮಾಡಬಹುದು. ಒಳನಾಡಿನಲ್ಲಿ ಹೆಚ್ಚಾಗಿರುವ ಹನಫೀಗಳಲ್ಲಿ, ಬೇರೆ ನೀರು ಇರುವಾಗ ಅದನ್ನು ಬಳಸದಿರುವುದು ಉತ್ತಮವೆಂಬ ಅಭಿಪ್ರಾಯವಿದೆ. ಆದರೆ ಬೆಕ್ಕನ್ನು ಮನೆಯಿಂದ ಹೊರಗಟ್ಟಬೇಕೆಂದು ಯಾವ ಮದ್‌ಹಬ್ ಕೂಡ ಹೇಳಿಲ್ಲ.

ಲಾಭವಿಲ್ಲದಿದ್ದರೂ ಹಕ್ಕು

ಪ್ರೀತಿಯ ಈ ಚಿತ್ರಗಳ ಪಕ್ಕದಲ್ಲೇ ನಡುಕ ಹುಟ್ಟಿಸುವ ಎಚ್ಚರಿಕೆಯೊಂದಿದೆ. ಓರ್ವ ಸ್ತ್ರೀ ಬೆಕ್ಕನ್ನು ಕೂಡಿಹಾಕಿದಳು. ತಾನೂ ಉಣಿಸಲಿಲ್ಲ, ನೆಲದ ಹುಳಹುಪ್ಪಟೆಗಳನ್ನಾದರೂ ತಿಂದುಕೊಳ್ಳಲೆಂದು ಬಿಡಲೂ ಇಲ್ಲ. ಬೆಕ್ಕು ಸತ್ತಿತು, ಆ ಕಾರಣಕ್ಕಾಗಿ ಆಕೆ ನರಕಕ್ಕೆ ಗುರಿಯಾದಳು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸ್ ಸಾಕುವವನ ಮುಂದೆ ಎರಡೇ ದಾರಿಗಳನ್ನಿಡುತ್ತದೆ: ಉಣಿಸು, ಇಲ್ಲವೇ ಅದು ತಾನೇ ಆಹಾರ ಹುಡುಕಿ ಬದುಕುವಂತೆ ಬಿಡು. ಹಿಡಿದಿಟ್ಟು ಹಸಿವಿಗೆ ತಳ್ಳುವ ಮೂರನೆಯ ದಾರಿ ಇಲ್ಲ.

ಇಂತಹ ಹದೀಸ್‌ಗಳ ತಳಹದಿಯ ಮೇಲೆ ಪ್ರಾಣಿಗಳ ಹಕ್ಕುಗಳನ್ನು ಕ್ರಮವಾಗಿ ವಿವರಿಸಿದವರು ಇಮಾಮ್ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್(ರಹ). ದಮಾಸ್ಕಸ್‌ನಲ್ಲಿ ಬೆಳೆದು, ಅರಸರ ಮುಂದೆ ಸತ್ಯ ನುಡಿದು, ಕೈರೋಗೆ ವಲಸೆ ಬಂದ ಈ ಶಾಫಿಈ ವಿದ್ವಾಂಸರನ್ನು 'ಸುಲ್ತಾನುಲ್ ಉಲಮಾ' ಎಂದು ಕರೆಯಲಾಗುತ್ತದೆ. 1262ರಲ್ಲಿ ಅವರು ಕೈರೋದಲ್ಲಿ ನಿಧನರಾದರು. 'ಕವಾಇದುಲ್ ಅಹ್‌ಕಾಮ್' ಎಂಬ ಕೃತಿಯಲ್ಲಿ ಅವರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಪ್ರಾಣಿ ಮುದಿಯಾಗಿ ಅಥವಾ ಕಾಯಿಲೆ ಬಿದ್ದು ಅದರಿಂದ ಯಾವ ಪ್ರಯೋಜನ ಇಲ್ಲದಂತಾದರೂ ಅದರ ಪೋಷಣೆಯ ವೆಚ್ಚ ಮಾಲಿಕನ ಹೊಣೆ. ಶಕ್ತಿ ಮೀರಿದ ಹೊರೆ ಹೊರಿಸಬಾರದು. ಅದಕ್ಕೆ ಕೇಡು ಮಾಡುವ ಪ್ರಾಣಿಗಳೊಂದಿಗೆ ಅದನ್ನು ಸೇರಿಸಿ ಇಡಬಾರದು.

'ಪ್ರಯೋಜನ ಇಲ್ಲದಿದ್ದರೂ' ಎಂಬ ಈ ಷರತ್ತೇ ನಮ್ಮ ಚರ್ಚೆಯ ತಿರುಳು. ಪ್ರಾಣಿಯನ್ನು ಅದು ಕೊಡುವ ಲಾಭದಿಂದ ಮಾತ್ರ ಅಳೆಯುವವನು, ಲಾಭ ನಿಂತ ದಿನ ಅದನ್ನು ಬೀದಿಗೆ ಬಿಡುತ್ತಾನೆ. ಅದನ್ನು ಅಮಾನತ್ತೆಂದು ತಿಳಿದವನಿಗೆ ಅಂತಹ ದಿನವೇ ಇಲ್ಲ.

ಬೆಕ್ಕುಗಳ ತೋಟ

ಇಮಾಮ್ ಇಝ್ಝುದ್ದೀನ್‌ರ ಕೊನೆಯ ದಿನಗಳಲ್ಲಿ ಈಜಿಪ್ಟನ್ನು ಆಳುತ್ತಿದ್ದವನು ಮಮ್ಲೂಕ್ ಸುಲ್ತಾನ ಝಾಹಿರ್ ಬೈಬರ್ಸ್ (ಆಳ್ವಿಕೆ 1260–1277). ಮಂಗೋಲರನ್ನೂ ಶಿಲುಬೆ ಯೋಧರನ್ನೂ ಎದುರಿಸಿದ ಯೋಧನೆಂದು ಇತಿಹಾಸ ಅವನನ್ನು ನೆನೆಯುತ್ತದೆ. ಆದರೆ ಕೈರೋದ ಜನರ ನೆನಪಿನಲ್ಲಿ ಅವನ ಇನ್ನೊಂದು ದಾನವೂ ಉಳಿದಿತ್ತು. ನಗರದ ಉತ್ತರಕ್ಕೆ, ತಾನು ಕಟ್ಟಿಸಿದ ಮಸೀದಿಯ ಸಮೀಪ ಅವನು ಒಂದು ತೋಟವನ್ನು ಅನಾಥ ಬೆಕ್ಕುಗಳಿಗಾಗಿ ಬಿಟ್ಟುಕೊಟ್ಟಿದ್ದನು. ಜನರು ಅದನ್ನು 'ಬೆಕ್ಕಿನ ತೋಟ' ಎಂದೇ ಕರೆಯುತ್ತಿದ್ದರು.

ಈ ವಿಷಯವನ್ನು ದಾಖಲಿಸಿದವನು ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ವಿಲಿಯಮ್ ಲೇನ್. ಕೈರೋದಲ್ಲಿ ವಾಸಿಸಿ, ಅರಬಿ ಕಲಿತು, ಈಜಿಪ್ಟಿಯನ್ನರ ಜೀವನವನ್ನು ವಿವರಿಸಿ 1836ರಲ್ಲಿ ಅವನು ಪ್ರಕಟಿಸಿದ ಗ್ರಂಥ ಇಂದಿಗೂ ಪ್ರಸಿದ್ಧ. ಖಾಝಿಯ ನ್ಯಾಯಾಲಯದ ದೊಡ್ಡ ಅಂಗಳಕ್ಕೆ ಅಸರ್‌ನ ವೇಳೆಗೆ ಬೆಕ್ಕುಗಳಿಗಾಗಿ ಆಹಾರ ತರುತ್ತಿದ್ದುದನ್ನು ಅವನು ಬರೆದಿದ್ದಾನೆ. ಬೈಬರ್ಸ್ ಸತ್ತು ಐದೂವರೆ ಶತಮಾನಗಳ ಬಳಿಕವೂ ಅವನ ಹೆಸರಿನಲ್ಲಿ ಬೆಕ್ಕುಗಳು ಉಣ್ಣುತ್ತಿದ್ದವು.

ಆದರೆ ಲೇನ್ ಕಂಡದ್ದು ಸಂತೋಷದ ಚಿತ್ರ ಮಾತ್ರವಲ್ಲ. ತೋಟವು ಕೈಯಿಂದ ಕೈಗೆ ಮಾರಾಟವಾಗಿತ್ತು. ಪಾಳು ಬಿದ್ದಿದೆ, ಫಸಲು ಬರುವುದಿಲ್ಲ ಎಂಬ ನೆಪವೊಡ್ಡಿ ಮೇಲ್ವಿಚಾರಕರೇ ಅದನ್ನು ಮಾರಿದ್ದರು. ಕೊನೆಗೆ ಬೆಕ್ಕುಗಳ ಪಾಲಿಗೆ ಉಳಿದದ್ದು ವರ್ಷಕ್ಕೆ 15 ಪಿಯಾಸ್ತರ್‌ಗಳ ಹೆಸರಿಗೆ ಮಾತ್ರದ ನೆಲಬಾಡಿಗೆ. ಉಳಿದ ಖರ್ಚೆಲ್ಲ ವಕ್ಫ್‌ಗಳ ರಕ್ಷಕನಾದ ಖಾಝಿಯ ತಲೆಯ ಮೇಲೆ ಬಿತ್ತು. ಉಣಿಸುವ ಕೆಲಸ ಕ್ರಮೇಣ ಸಡಿಲವಾಯಿತು. ಅತ್ತ ಮನೆಯ ಬೆಕ್ಕು ಬೇಡವಾದವರು ಅದನ್ನು ತಂದು ಖಾಝಿಯ ಅಂಗಳದಲ್ಲಿ ಬಿಟ್ಟುಹೋಗುತ್ತಿದ್ದರು. ವಕ್ಫ್ ಆಸ್ತಿಗಳ ದುರವಸ್ಥೆಯನ್ನು ಕಣ್ಣಾರೆ ಕಂಡಿರುವ ನಮಗೆ ಈ ಕಥೆ ಅಪರಿಚಿತವಲ್ಲ. ದಾನಿಯ ಕರುಣೆ ಎಷ್ಟೇ ದೊಡ್ಡದಿರಲಿ, ಅದನ್ನು ಕಾಯುವ ಪ್ರಾಮಾಣಿಕ ಕೈಗಳಿಲ್ಲದಿದ್ದರೆ ಅದು ಕಾಗದದ ಮೇಲಿನ ಕರುಣೆಯಾಗಿ ಉಳಿಯುತ್ತದೆ.

ದಮಾಸ್ಕಸ್‌ನಲ್ಲಿಯೂ ಬೆಕ್ಕುಗಳಿಗಾಗಿ ವಕ್ಫ್ ಇತ್ತು. ಅವುಗಳಿಗೆಂದೇ ಮೀಸಲಾದ ಮನೆಯಲ್ಲಿ ನೂರಾರು ಬೆಕ್ಕುಗಳು ಸೇರಿ ಉಂಡು ಮಲಗುತ್ತಿದ್ದವೆಂದು ಸಿರಿಯಾದ ವಿದ್ವಾಂಸ ಮುಸ್ತಫಾ ಸಿಬಾಈ(ರಹ) ಬರೆದಿದ್ದಾರೆ. ದುಡಿಯಲಾರದ ಮುದಿ ಪ್ರಾಣಿಗಳು ಸಾಯುವ ತನಕ ಮೇಯಲೆಂದು ಬಿಟ್ಟಿದ್ದ ಹುಲ್ಲುಗಾವಲಿನ ಪ್ರಸ್ತಾಪವೂ ಅವರ ಬರಹದಲ್ಲಿದೆ. ಇಮಾಮ್ ಇಝ್ಝುದ್ದೀನ್ ಗ್ರಂಥದಲ್ಲಿ ಬರೆದ ಹಕ್ಕು ಇಲ್ಲಿ ನೆಲದ ಮೇಲೆ ಹಸುರಾಗಿತ್ತು.

ನೆಮ್ಮದಿಯ ಪಾಠಗಳು

ಹಕ್ಕನ್ನು ಸಲ್ಲಿಸಿದ ಸಮಾಜಕ್ಕೆ ಬೆಕ್ಕು ಏನನ್ನು ಮರಳಿ ಕೊಟ್ಟಿತು? ಮೊದಲನೆಯದು ಸ್ನೇಹ. ಹತ್ತನೇ ಶತಮಾನದಲ್ಲಿ ಬಗ್ದಾದ್‌ನ ಕವಿ ಇಬ್ನುಲ್ ಅಲ್ಲಾಫ್ ತನ್ನ ಸತ್ತ ಬೆಕ್ಕಿಗಾಗಿ ದೀರ್ಘವಾದ ಶೋಕಗೀತೆ ಬರೆದನು. ಬೆಕ್ಕಿನ ಹೆಸರಿನಲ್ಲಿ ಅವನು ಕೊಲೆಯಾದ ಮಿತ್ರನೊಬ್ಬನಿಗಾಗಿ ಅತ್ತನೆಂದು ಹೇಳುವವರೂ ಇದ್ದಾರೆ. ಹಾಗಿದ್ದರೂ, ಬೆಕ್ಕಿಗಾಗಿ ಅಳುವುದು ನಗೆಪಾಟಲಿನ ಸಂಗತಿಯಲ್ಲವೆಂದು ಅಂದಿನ ಓದುಗರು ಒಪ್ಪಿದ್ದರಿಂದಲೇ ಅಂತಹ ಕಾವ್ಯ ನಿಂತಿತು.

ಎರಡನೆಯದು ತವಕ್ಕುಲ್. ಈಜಿಪ್ಟಿನ ವ್ಯಾಕರಣ ಪಂಡಿತ ಇಬ್ನ್ ಬಾಬಶಾದ್ (ನಿಧನ 1077) ಸರ್ಕಾರದ ಪತ್ರಗಳ ಭಾಷೆಯನ್ನು ತಿದ್ದುವ ಹುದ್ದೆಯಲ್ಲಿದ್ದರು. ಒಂದು ದಿನ ಮಸೀದಿಯ ಮಾಳಿಗೆಯ ಮೇಲೆ ಗೆಳೆಯರೊಂದಿಗೆ ಊಟ ಮಾಡುತ್ತಿದ್ದಾಗ ಬೆಕ್ಕೊಂದು ಬಂದಿತು. ಅವರು ಕೊಟ್ಟ ತುತ್ತನ್ನು ಬಾಯಲ್ಲಿ ಕಚ್ಚಿಕೊಂಡು ಓಡಿತು; ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಂದಿತು. ಹೀಗೆಯೇ ಹಲವು ಸಲವಾದಾಗ ಕುತೂಹಲದಿಂದ ಹಿಂಬಾಲಿಸಿದರು. ಅದು ಪಾಳುಮನೆಯೊಂದರಲ್ಲಿದ್ದ ಕುರುಡು ಬೆಕ್ಕಿಗೆ ಆ ತುತ್ತುಗಳನ್ನು ಒಯ್ದು ಕೊಡುತ್ತಿತ್ತು. ಕಣ್ಣಿಲ್ಲದ ಮೂಕಜೀವಿಗೆ ಇನ್ನೊಂದು ಬೆಕ್ಕಿನ ಮೂಲಕ ಅನ್ನ ಮುಟ್ಟಿಸುವ ಅಲ್ಲಾಹನು ನನ್ನನ್ನು ಕೈಬಿಡುವನೇ ಎಂಬ ಭಾವ ಅವರಲ್ಲಿ ಮೂಡಿತು. ಹುದ್ದೆಯನ್ನು ತೊರೆದು ಆರಾಧನೆ ಮತ್ತು ಜ್ಞಾನದಲ್ಲಿ ತೊಡಗಿದರು. ಇಬ್ನ್ ಖಲ್ಲಿಕಾನ್ ಮತ್ತು ದಮೀರಿ ಈ ಕಥೆಯನ್ನು ಉಳಿಸಿದ್ದಾರೆ. ನಾಳಿನ ಅನ್ನದ ಚಿಂತೆಗಿಂತ ದೊಡ್ಡ ರೋಗ ಮನುಷ್ಯನಿಗೆ ಯಾವುದಿದೆ? ಆ ರೋಗಕ್ಕೆ ಮದ್ದು ಅವರಿಗೆ ಒಂದು ಬೆಕ್ಕಿನ ಬಾಯಲ್ಲಿ ಕಾಣಿಸಿತು.

ಮೂರನೆಯದು ವಿನಯ. ಪ್ರವಾದಿ(ಸ)ರಿಗೆ 'ಮುಇಝ್ಝಾ' ಎಂಬ ಬೆಕ್ಕಿತ್ತು, ಅದು ಅವರ ಅಂಗಿಯ ತೋಳಿನ ಮೇಲೆ ನಿದ್ರಿಸಿದಾಗ ಅವರು ತೋಳನ್ನೇ ಕತ್ತರಿಸಿದರು ಎಂಬ ಕಥೆ ಎಲ್ಲೆಡೆ ಹರಡಿದೆ. ಹದೀಸ್ ಸಂಗ್ರಹಗಳಲ್ಲಿ ಈ ಕಥೆಗೆ ಆಧಾರವಿಲ್ಲ; ಪ್ರವಾದಿ(ಸ)ರ ಹೆಸರಿನಲ್ಲಿ ಅದನ್ನು ಹೇಳುವುದರಿಂದ ನಾವು ದೂರವಿರಬೇಕು. ಇಂತಹದೇ ಘಟನೆಯನ್ನು ಇರಾಕಿನ ಸೂಫಿ ಅಹ್ಮದ್ ರಿಫಾಈ(ರಹ, ನಿಧನ 1182) ಅವರ ಕುರಿತು ಇಮಾಮ್ ದಹಬಿ ಉಲ್ಲೇಖಿಸಿದ್ದಾರೆ. ತೋಳಿನ ಮೇಲೆ ಬೆಕ್ಕು ಮಲಗಿತ್ತು, ನಮಾಝ್‌ನ ಸಮಯವಾಯಿತು. ಅವರು ತೋಳನ್ನು ಕತ್ತರಿಸಿ ಎದ್ದರು, ಮರಳಿ ಬಂದಾಗ ಬೆಕ್ಕು ಹೋಗಿತ್ತು, ಬಟ್ಟೆಯನ್ನು ಮತ್ತೆ ಹೊಲಿದುಕೊಂಡರು. ಬೆಕ್ಕಿನ ಹಿರಿಮೆಗೆ ಸುಳ್ಳಿನ ಅಲಂಕಾರ ಬೇಕಿಲ್ಲ. ಅಬೂ ಕತಾದ(ರ) ಬಾಗಿಸಿದ ಪಾತ್ರೆಯೇ ಸಾಕು.

ಇಂದಿನ ಅಧ್ಯಯನಗಳು

ಆಧುನಿಕ ಶುಶ್ರೂಷೆಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯನ್ ಯುದ್ಧದ ಗಾಯಾಳುಗಳನ್ನು ಆರೈಕೆ ಮಾಡಿದ್ದು ಇಸ್ತಾಂಬುಲ್‌ನ ಉಸ್ಕುದಾರ್‌ನಲ್ಲಿ. 1859ರಲ್ಲಿ ಪ್ರಕಟವಾದ ತಮ್ಮ ಶುಶ್ರೂಷಾ ಗ್ರಂಥದಲ್ಲಿ, ದೀರ್ಘಕಾಲ ಹಾಸಿಗೆ ಹಿಡಿದವರಿಗೆ ಪುಟ್ಟ ಸಾಕುಪ್ರಾಣಿ ಒಳ್ಳೆಯ ಸಂಗಾತಿಯೆಂದು ಅವರು ಅಭಿಪ್ರಾಯಪಟ್ಟರು. ಅವರು ಸ್ವತಃ ಅನೇಕ ಬೆಕ್ಕುಗಳನ್ನು ಸಾಕಿದ್ದರು.

ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 249 ವಿದ್ಯಾರ್ಥಿಗಳನ್ನು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹತ್ತು ನಿಮಿಷ ಬೆಕ್ಕು-ನಾಯಿಗಳ ಮೈದಡವಿದವರ ಜೊಲ್ಲಿನಲ್ಲಿ ಒತ್ತಡವನ್ನು ಸೂಚಿಸುವ ಕಾರ್ಟಿಸಾಲ್ ಹಾರ್ಮೋನು, ಕೇವಲ ನೋಡುತ್ತ ನಿಂತವರಿಗಿಂತ ಅಥವಾ ಚಿತ್ರಗಳನ್ನು ನೋಡಿದವರಿಗಿಂತ ಕಡಿಮೆಯಿತ್ತು. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 4,435 ಜನರ ದಾಖಲೆಗಳನ್ನು ಪರಿಶೀಲಿಸಿತು. ಹಿಂದೆ ಬೆಕ್ಕು ಸಾಕಿದ್ದವರಲ್ಲಿ ಹೃದಯಾಘಾತದ ಸಾವು ಕಡಿಮೆಯೆಂದು ಅದು ಕಂಡುಕೊಂಡಿತು.

ಇವುಗಳನ್ನು ಅಳತೆ ಮೀರಿ ಹಿಗ್ಗಿಸಬಾರದು. ಹತ್ತು ನಿಮಿಷದ ನೆಮ್ಮದಿ ರೋಗದ ಪರಿಹಾರವಲ್ಲ. ಬೆಕ್ಕು ಸಾಕಿದವರ ಹೃದಯ ಗಟ್ಟಿಯಾಗಿರಲು ಅವರ ಸ್ವಭಾವ, ಜೀವನಕ್ರಮಗಳೂ ಕಾರಣವಾಗಿರಬಹುದು. ಬೆಕ್ಕಿನ ಗುರುಗುಟ್ಟುವ ಸದ್ದು ಮೂಳೆಯನ್ನು ಕೂಡಿಸುತ್ತದೆಂಬ ಪ್ರಚಾರ ಇನ್ನೂ ಊಹೆಯ ಹಂತದಲ್ಲೇ ಇದೆ. ಖಿನ್ನತೆಯಿಂದ ನರಳುವವರು ವೈದ್ಯರನ್ನು ಕಾಣಬೇಕು. ಬೆಕ್ಕು ಆ ಹಾದಿಯಲ್ಲಿ ಜೊತೆ ನಡೆಯಬಹುದು, ವೈದ್ಯನ ಸ್ಥಾನವನ್ನು ತುಂಬಲಾರದು.

ಅಂಕಿ-ಅಂಶಗಳಿಗಿಂತ ಗಾಢವಾಗಿ ಮನಮುಟ್ಟುವುದು ಅಲೆಪ್ಪೊ ನಗರದ ಉದಾಹರಣೆ. ಸಿರಿಯಾದ ಅಂತರ್ಯುದ್ಧದಲ್ಲಿ ಮನೆಮಾರು ತೊರೆದು ಓಡಿದವರ ಬೆಕ್ಕುಗಳು ಬೀದಿಪಾಲಾದವು. ವೃತ್ತಿಯಲ್ಲಿ ಎಲೆಕ್ಟ್ರೀಶಿಯನ್ ಆಗಿದ್ದು, ಯುದ್ಧಕಾಲದಲ್ಲಿ ಆಂಬುಲೆನ್ಸ್ ಓಡಿಸಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಮುಹಮ್ಮದ್ ಅಲಾ ಅಲ್ ಜಲೀಲ್ ಅವುಗಳಿಗೆ ಉಣಿಸತೊಡಗಿದರು. ಬಳಿಕ ಆಶ್ರಯಧಾಮ ಕಟ್ಟಿದರು. 2016ರ ಬಾಂಬ್ ದಾಳಿಯಲ್ಲಿ ಅದು ನಾಶವಾಯಿತು. ಮರುವರ್ಷ ಅಲೆಪ್ಪೊದ ಹೊರವಲಯದಲ್ಲಿ ಅವರು ಮತ್ತೆ ಕಟ್ಟಿದರು. ಯುದ್ಧವನ್ನಷ್ಟೇ ಕಂಡು ಬೆಳೆದ ಮಕ್ಕಳು ಅಲ್ಲಿಗೆ ಬಂದು ಬೆಕ್ಕುಗಳೊಂದಿಗೆ ಆಡಿದರು. ಅವರು ಮೊದಲು ಬೆಕ್ಕುಗಳ ಹಸಿವನ್ನು ಕಂಡರು; ಮಕ್ಕಳ ನಗು ಆಮೇಲೆ ಬಂದಿತು. ಬೈಬರ್ಸನ ತೋಟದ ನಿಜವಾದ ವಾರಸುದಾರಿಕೆ ಇದು.

ನಮ್ಮ ಹೊಣೆ

ಮಕ್ಕಳ ಬೇಸರ ಕಳೆಯಲೆಂದು ಮರಿಯನ್ನು ತಂದು, ಅದು ಬೆಳೆದಾಗ ಮೀನು ಮಾರುಕಟ್ಟೆಯ ಬಳಿ ಗೋಣಿಚೀಲದಲ್ಲಿ ಬಿಟ್ಟುಬರುವ ರೂಢಿ ನಮ್ಮ ಊರುಗಳಲ್ಲಿ ಇಲ್ಲವೆನ್ನಲಾಗದು. ಇತ್ತೀಚೆಗೆ ಉದ್ದ ಕೂದಲಿನ ಪರ್ಷಿಯನ್ ಬೆಕ್ಕುಗಳನ್ನು ಸಾವಿರಾರು ರೂಪಾಯಿಗೆ ಕೊಳ್ಳುವ ಶೋಕಿಯೂ ಬೆಳೆದಿದೆ. ಬೆಕ್ಕಿನ ಬೆಲೆಯನ್ನು ಪ್ರವಾದಿ(ಸ) ವಿರೋಧಿಸಿದ್ದಾಗಿ ಜಾಬಿರ್(ರ) ಅವರ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಬಹುಪಾಲು ವಿದ್ವಾಂಸರು ಇದನ್ನು ನಿಷೇಧವೆಂದು ತಿಳಿಯದೆ, ಬೆಕ್ಕನ್ನು ಉಡುಗೊರೆಯಾಗಿ ಅಥವಾ ಎರವಲಾಗಿ ಕೊಡುವ ಉದಾರತೆಗೆ ಪ್ರೇರಣೆಯೆಂದು ವಿವರಿಸಿದ್ದಾರೆ. ಮಾರಾಟ ಸಲ್ಲದೆಂದವರೂ ಇದ್ದಾರೆ. ಏನೇ ಇರಲಿ, ಬೀದಿಯಲ್ಲಿ ಹಸಿದ ಮರಿಗಳಿರುವಾಗ ಅವುಗಳಲ್ಲೊಂದಕ್ಕೆ ಮನೆ ಕೊಡುವುದು ಹೆಚ್ಚು ಪುಣ್ಯದ ಕೆಲಸ.

ಸಾಕುವವರು ಬೆಕ್ಕಿಗೆ ಲಸಿಕೆ ಹಾಕಿಸಬೇಕು; ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಕೂಡಲೇ ಸೋಪು-ನೀರಿನಿಂದ ಹದಿನೈದು ನಿಮಿಷ ತೊಳೆದು ವೈದ್ಯರ ಬಳಿ ಹೋಗಬೇಕು. ಗರ್ಭಿಣಿಯರು ಅದರ ಮಲವನ್ನು ತೆಗೆಯುವ ಕೆಲಸವನ್ನು ಇತರರಿಗೆ ವಹಿಸಬೇಕು. ಮನೆಯವರ ಆರೋಗ್ಯವೂ ಒಂದು ಅಮಾನತ್ತು ತಾನೇ.

ಬಾಯಾರಿದ ನಾಯಿಗೆ ನೀರುಣಿಸಿದವನ ಪಾಪಗಳು ಕ್ಷಮಿಸಲ್ಪಟ್ಟವು. ಬೆಕ್ಕನ್ನು ಕೂಡಿಹಾಕಿದವಳು ನರಕಕ್ಕೆ ಗುರಿಯಾದಳು. ಈ ಎರಡು ಹದೀಸ್‌ಗಳ ನಡುವೆ ನಮ್ಮ ದಿನನಿತ್ಯದ ಬದುಕಿದೆ. ಮಡಿಲಲ್ಲಿ ಮಲಗಿದ ಬೆಕ್ಕಿನಿಂದ ನೆಮ್ಮದಿ ದೊರೆತರೆ ಅದು ಅಲ್ಲಾಹನ ಅನುಗ್ರಹ, ಅದಕ್ಕಾಗಿ ಕೃತಜ್ಞರಾಗೋಣ. ಮುದಿಯಾಗಿ, ಕಾಯಿಲೆಯಾಗಿ, ಮಡಿಲಿಗೆ ಹತ್ತಲಾರದ ದಿನ ಬಂದಾಗಲೂ ಅದರ ಬಟ್ಟಲು ಬರಿದಾಗದಿರಲಿ. ನಮ್ಮ ನಡುವೆ ಸುಳಿದಾಡುವ ಈ ಮೂಕಜೀವಿಗಳ ಹಕ್ಕನ್ನು ಸಲ್ಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.